ಬೆಂಕಿಮೀಸೆ ಎಂಟನೇ ಭಾಗಕ್ಕೆ ಡೈರೆಕ್ಟರ್ ಬೇಕಾಗಿದ್ದಾರೆ

ನಮ್ಮೂರಿಗೆ ಬರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಸ್ಸು ಇಳಿದ ಕೂಡಲೇ ಎದುರಿಗೆ ಹೊಳೆ, ಹೊಳೆಯ ಮೇಲೆ ಸೇತುವೆ ಕಾಣುತ್ತದೆ. ಕಲ್ಲಿನ ಕಂಬ, ಕಬ್ಬಿಣದ ಕಂಬಿ, ಎರಡು ಲಾರಿ ಎದುರುಬದುರು ಹೋಗುವಷ್ಟು ಅಗಲ. ಹತ್ತಬೇಡಿ. ಅದು ‘ಬೆಂಕಿಮೀಸೆ’ ಸಿನಿಮಾದ ನಾಲ್ಕನೇ ಭಾಗದಲ್ಲಿ ಮುರಿದುಬಿದ್ದಿದೆ. ನಾವೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿ, ಅದರ ನೆರಳಿನಲ್ಲೇ ನೀರು ದಾಟುತ್ತೇವೆ. ಮಳೆಗಾಲದಲ್ಲಿ ಹರಿಗೋಲು ಹಾಕುತ್ತಾರೆ. ಸೆಳವು ಜಾಸ್ತಿಯಾದರೆ ಹರಿಗೋಲಿನವನು ಸೇತುವೆಯ ಕಂಬಕ್ಕೇ ಹಗ್ಗ ಬಿಗಿದು ಜನರನ್ನು ದಾಟಿಸುತ್ತಾನೆ. ಇಲ್ಲದ ಸೇತುವೆಗೆ ಹಗ್ಗ ಹೇಗೆ ಕಟ್ಟಿದೆಯಪ್ಪಾ ಅಂತ ಕೇಳಬೇಡಿ. ಕೇಳಿದವರನ್ನು ಅವನು ನಡುನೀರಲ್ಲಿ ಇಳಿಸಿದ್ದುಂಟು.

ಬೆಂಕಿಮೀಸೆಯಲ್ಲಿ ಆದದ್ದೆಲ್ಲ ನಮ್ಮೂರಲ್ಲಿ ಆದ ಹಾಗೇ. ಬೇರೆ ಸಿನಿಮಾಗಳು ಬರುತ್ತವೆ, ಹೋಗುತ್ತವೆ, ಅವು ಬರೀ ಸಿನಿಮಾ. ಇದು ಹಾಗಲ್ಲ. ನಮ್ಮ ಬೀದಿಯಲ್ಲೇ ಶೂಟಿಂಗ್, ನಮ್ಮ ಜನರದ್ದೇ ಪಾತ್ರ. ಬೆಂಕಿಮೀಸೆ ಭೈರನ ಪಾತ್ರ ಮಾಡುವ ಶೂರರಾಜ್ ಒಬ್ಬರು ಮಾತ್ರ ಹೊರಗಿನವರು. ಐದನೇ ಭಾಗದಲ್ಲಿ ಖಳನಾಯಕ ಶಾಲೆಗೆ ಬೆಂಕಿ ಇಟ್ಟ. ಅವತ್ತಿನಿಂದ ಮೇಷ್ಟ್ರು ಅಂಗಳದ ಹುಣಸೆಮರದ ಕೆಳಗೆ ಪಾಠ ಮಾಡುತ್ತಾರೆ. ಮಳೆ ಹನಿದರೆ ಮಕ್ಕಳು ನೆನೆಯುತ್ತಾ, ಪಕ್ಕದಲ್ಲೇ ನೆಟ್ಟಗೆ ನಿಂತಿರುವ ಹಂಚಿನ ಕಟ್ಟಡವನ್ನು ನೋಡುತ್ತಾ ಮಗ್ಗಿ ಹೇಳುತ್ತವೆ. ಯಾವ ತಾಯಿಯೂ ಇದುವರೆಗೆ ಮೇಷ್ಟ್ರನ್ನು ಬೈದಿಲ್ಲ. ಸುಟ್ಟುಹೋದ ಶಾಲೆಯಲ್ಲಿ ಮಕ್ಕಳನ್ನು ಕೂರಿಸಲು ಆಗುತ್ತದೆಯೇ?

ನಾನು ಮೈಕ್ ಸಿದ್ದಪ್ಪಾಜಿ. ಆಟೋ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು, ‘ಬನ್ನಿ, ನೋಡಿ, ಮರೆತು ನಿರಾಶರಾಗಬೇಡಿ’ ಎಂದು ಸಿನಿಮಾ ಕೂಗುವುದು ನನ್ನ ಕಸುಬು. ಬೆಂಕಿಮೀಸೆಯ ಏಳೂ ಭಾಗವನ್ನು ಕೂಗಿದವನು ನಾನೇ. ನನ್ನ ಹೆಂಡತಿ ದೇವೀರಮ್ಮ ನಾಟಕದ ಕಂಪನಿಯಲ್ಲಿ ಪಾತ್ರ ಮಾಡಿದವಳು. ಮೊದಲ ಭಾಗದಿಂದ ಭೈರನ ತಾಯಿ ಅವಳೇ. ಮಗ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು, ಅದನ್ನು ಯಾರೂ ಎತ್ತಿ ಆಡಲಿಲ್ಲ.

ಮೂರನೇ ಭಾಗದ ಮೊದಲ ಆಟಕ್ಕೆ ಇಬ್ಬರೂ ಒಟ್ಟಿಗೇ ಕೂತಿದ್ದೆವು. ಕಥೆ ಏನು ಅಂತ ಡೈರೆಕ್ಟರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಿದ್ದು ಒದ್ದಾಡುವ ಸೀನನ್ನು ‘ತಲೆಸುತ್ತು ಬರೋ ಹಾಗೆ ಮಾಡಮ್ಮ’ ಅಂತ ಹೇಳಿ ತೆಗೆದಿದ್ದರಂತೆ. ಇಂಟರ್ವಲ್‌ಗೆ ಸರಿಯಾಗಿ ಪರದೆಯ ಮೇಲೆ ದೇವೀರಮ್ಮನ ಎದೆಗೆ ಗುಂಡು ಬಿತ್ತು. ಭೈರ ಮೀಸೆ ನಡುಗಿಸಿ ‘ಅಮ್ಮಾ’ ಎಂದ. ದೀಪ ಹತ್ತಿತು. ಇಡೀ ಟಾಕೀಸು ತಿರುಗಿ ನಮ್ಮ ಕಡೆ ನೋಡಿತು. ಇವಳ ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೆಲ್ಲಗೆ ಅದನ್ನು ಕಿತ್ತುಕೊಂಡು, ‘ಹೋದೋರಿಗೆ ಯಾಕವ್ವ ಕಡಲೆಕಾಯಿ’ ಎಂದು ತಾನೇ ಒಂದು ಕಾಳು ಬಾಯಿಗೆ ಹಾಕಿಕೊಂಡು ಅಳತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬಂದವರೆಲ್ಲ ನನ್ನ ಬೆನ್ನು ಸವರಿ ‘ಸಮಾಧಾನ ಮಾಡ್ಕೊ ಸಿದ್ದಪ್ಪಾಜಣ್ಣ’ ಎಂದರೆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಅವತ್ತಿನಿಂದ ಅವಳ ವಾಸ ಟಾಕೀಸಿನ ಹಿಂದಿನ ಬೀದಿಯಲ್ಲಿ. ಬೆಂಕಿಮೀಸೆಯಲ್ಲಿ ಸತ್ತವರೆಲ್ಲ ಇರುವುದು ಅಲ್ಲೇ. ಮೊದಲ ಭಾಗದ ಪ್ರಾಮಾಣಿಕ ಪೊಲೀಸು, ಎರಡನೇ ಭಾಗದ ಕಾಮಿಡಿ ಗೆಳೆಯ, ಆರನೇ ಭಾಗದಲ್ಲಿ ಒಂದೇ ಏಟಿಗೆ ಹೋದ ಇಪ್ಪತ್ತು ಮಂದಿ ರೌಡಿಗಳು, ಎಲ್ಲರೂ. ರೇಷನ್ ಕಾರ್ಡಿಲ್ಲ, ಓಟಿಲ್ಲ, ಎದುರು ಬಂದರೆ ಮಾತಿಲ್ಲ. ಅವಳು ಚಕ್ಕುಲಿ ಕರಿದು ಗೋಡೆಯ ಮೇಲೆ ಇಡುತ್ತಿದ್ದಳು, ಜನ ಮುಖ ಆಚೆ ತಿರುಗಿಸಿಕೊಂಡು ಕಾಸು ಇಟ್ಟು ತೆಗೆದುಕೊಂಡು ಹೋಗುತ್ತಿದ್ದರು. ವರ್ಷಕ್ಕೊಮ್ಮೆ ನಾನು ಅವಳ ತಿಥಿ ಮಾಡಬೇಕಿತ್ತು, ಊರೇ ಊಟಕ್ಕೆ ಬರುತ್ತಿತ್ತು. ನನಗೆ ಅಡುಗೆ ಬಾರದು. ಹಾಗಾಗಿ ಎಡೆಗೆ ಇಡುವ ವಡೆಯನ್ನು ಅವಳೇ ಕರಿದು ಗೋಡೆಯ ಮೇಲಿಂದ ದಾಟಿಸುತ್ತಿದ್ದಳು. ‘ಎಂಥಾ ವಡೆ! ದೇವೀರಮ್ಮ ಇದ್ದಾಗ ಹಿಂಗೇ ಮಾಡ್ತಿದ್ರು, ಪುಣ್ಯಾತ್ಗಿತ್ತಿ’ ಎಂದು ತಿಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಏಳನೇ ಭಾಗ ಮುಗಿದ ಮೇಲೆ ಹಳೆಯ ಡೈರೆಕ್ಟರು ‘ಇನ್ನು ನನ್ನ ಕೈಲಾಗಲ್ಲ, ಊರಲ್ಲಿ ಸಾಯಿಸೋಕೆ ಜನ ಉಳಿದಿಲ್ಲ’ ಎಂದು ಕೈಮುಗಿದು ಟೊಮೆಟೊ ಬೆಳೆಯಲು ಹೋದರು. ಎಂಟನೇ ಭಾಗವನ್ನು ಯಾರ ಕೈಗೆ ಕೊಡಬೇಕು? ನಿರ್ಮಾಪಕರೂ ಟಾಕೀಸಿನ ಮಾಲೀಕರೂ ಆದ ಚೆಲುವಯ್ಯಶೆಟ್ಟರು ಮೂವರ ಸಮಿತಿ ಮಾಡಿದರು. ಒಬ್ಬರು ಅವರೇ. ಇನ್ನೊಬ್ಬ ಅಭಿಮಾನಿ ಸಂಘದ ಅಧ್ಯಕ್ಷ ಶಿವಲಿಂಗು. ಭೈರನ ಥರ ಮೀಸೆ ಬಿಟ್ಟು, ಮಲಗುವಾಗ ಅದಕ್ಕೆ ಬಟ್ಟೆ ಕಟ್ಟಿಕೊಳ್ಳುವವನು. ಮೂರನೆಯವನು ನಾನು, ಏಳು ಭಾಗದ ಕಥೆಯನ್ನೂ ಒಂದೇ ಉಸಿರಿಗೆ ಹೇಳುವವನು ಬೇರೆ ಯಾರೂ ಇಲ್ಲವಲ್ಲ.

ಸಮಿತಿಯಲ್ಲಿ ನನ್ನ ಹೆಸರು ಬಂದ ದಿನ ನನ್ನ ಎದೆ ಹೊಡೆದುಕೊಂಡ ರೀತಿ ನನಗೇ ಗೊತ್ತು. ಪರದೆಯ ಮೇಲೆ ಸತ್ತವಳು ಪರದೆಯ ಮೇಲೆ ಬದುಕಿಬಂದರೆ ಆಯಿತಲ್ಲ! ಗುಂಡು ತಾಳಿಗೆ ತಗುಲಿ ಜಾರಿತ್ತು ಅಂತ ಒಂದು ಮಾತು ಸಾಕು. ಮ್ಯಾಟಿನಿ ನಡೆಯುವಾಗ ಬೀದಿ ಖಾಲಿ ಇರುತ್ತದೆ. ಆ ಹೊತ್ತಿಗೆ ಗೋಡೆಯ ಹತ್ತಿರ ಹೋಗಿ ಅವಳಿಗೆ ಹೇಳಿದೆ.

“ದೇವೀ, ಈ ಸಲ ನಿನ್ನ ಮನೆಗೆ ಕರ್ಕೊಂಡ್ ಹೋಗದಿದ್ರೆ ನನ್ ಹೆಸರು ಸಿದ್ದಪ್ಪಾಜಿ ಅಲ್ಲ.”

“ಮೊದಲು ಒಳ್ಳೆ ಡೈರೆಕ್ಟರ್ ನೋಡ್ರಿ. ಆಮೇಲೆ ಹೆಸರು ಬದಲಾಯಿಸ್ಕೊಳ್ಳೋರಂತೆ” ಎಂದಳು ಗೋಡೆಯಾಚೆಯಿಂದ. ದನಿಯಲ್ಲಿ ನಗು ಇತ್ತು. ಆದರೆ ಮೂಗು ಸೊರ್ರೆಂದದ್ದೂ ನನಗೆ ಕೇಳಿಸಿತು.

ಸಂದರ್ಶನ ಟಾಕೀಸಿನಲ್ಲೇ ನಡೆಯಿತು. ನಾವು ಮೂವರು ಪರದೆಯ ಮುಂದೆ ಮೇಜು ಹಾಕಿಕೊಂಡು ಕೂತೆವು. ಊರವರು ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ತುಂಬಿದ್ದರು.

ಮೊದಲು ಬಂದವನ ಹೆಸರು ನೀಲಮೇಘ. ಕಪ್ಪು ಅಂಗಿ, ಕಪ್ಪು ಕನ್ನಡಕ, ಒಳಗೆ ಬಂದವನೇ ದೀಪ ಕಡಿಮೆ ಮಾಡಿಸಿದ. ಹೊರದೇಶದ ಯಾವುದೋ ಉತ್ಸವದಲ್ಲಿ ಅವನ ಸಿನಿಮಾ ನೋಡಿ ಆರು ಜನ ಎದ್ದು ನಿಂತಿದ್ದರಂತೆ. ಎದ್ದು ನಿಂತು ಎಲ್ಲಿಗೆ ಹೋದರು ಅಂತ ಅವನು ಹೇಳಲಿಲ್ಲ.

“ನನಗೆ ಭೈರನ ಒಳಗಿನ ಕತ್ತಲೆ ಮುಖ್ಯ” ಎಂದ. “ಅವನು ಯಾರನ್ನೂ ಹೊಡೆಯಲ್ಲ. ಕಿಟಕಿ ಪಕ್ಕ ಕೂತಿರ್ತಾನೆ. ಮಳೆ ಬರ್ತಿರುತ್ತೆ. ಇಡೀ ಸಿನಿಮಾ ಮಳೆ.”

“ಅಯ್ಯಯ್ಯೋ, ನಮ್ ಮಕ್ಕಳು ಮರದ ಕೆಳಗೆ ಕೂತವಲ್ಲಪ್ಪ” ಎಂದು ಒಬ್ಬ ಹೆಂಗಸು ಕೂಗಿದಳು.

ಶಿವಲಿಂಗುವಿಗೆ ಅದಕ್ಕಿಂತ ದೊಡ್ಡ ಚಿಂತೆ. “ಮೀಸೆ ಇರುತ್ತೋ ಇಲ್ವೋ ಸಾರ್?”

“ಮೊದಲ ಸೀನಲ್ಲೇ ಬೋಳಿಸ್ತಾನೆ. ಅದೊಂದು ಸಂಕೇತ.”

ಆಮೇಲಿನದು ಹೇಳಬೇಕಾಗಿಲ್ಲ. ನೀಲಮೇಘ ಹೊಳೆ ದಾಟುವಾಗ ಪ್ಯಾಂಟು ಮಡಚಲೂ ಪುರುಸೊತ್ತಿರಲಿಲ್ಲ.

ಎರಡನೆಯವನು ಡೈನಮೈಟ್ ದಿವಾಕರ. ಬರುವಾಗಲೇ ಪಟಾಕಿ ಹೊಡೆಸಿಕೊಂಡು ಬಂದ. ಕಥೆ ಹೇಳೋ ಅಂದರೆ ಬಾಯಲ್ಲೇ ಬಾಂಬು ಸಿಡಿಸಿದ. “ಮಾರ್ಕೆಟ್ ಹಾರಿಸ್ತೀನಿ ಸಾರ್! ಆಸ್ಪತ್ರೆ ಹಾರಿಸ್ತೀನಿ! ಟೌನ್‌ಹಾಲು, ನೀರಿನ ಟ್ಯಾಂಕು, ಎಲ್ಲಾ ಪುಡಿ ಪುಡಿ! ಹೊಗೆ ಒಳಗಿಂದ ಅಣ್ಣ ಮೀಸೆ ತಿರುವ್ಕೊಂಡು ನಡ್ಕೊಂಡ್ ಬರ್ತಾರೆ, ಸ್ಲೋ ಮೋಷನ್ನು!”

ಮಾರ್ಕೆಟ್ಟಿನ ವ್ಯಾಪಾರಿಗಳೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದರು. ಅಂಗಡಿ ಹೋದ ಮೇಲೆ ಎಲ್ಲಿ ಕೂರುತ್ತೀರಯ್ಯಾ ಅಂತ ನಾನು ತರಕಾರಿಯವನನ್ನು ಕೇಳಿದೆ. “ಬೀದೀಲಿ ಕೂತ್ಕೊಂಡ್ರಾಯ್ತು ಬಿಡಣ್ಣ. ಸ್ಲೋ ಮೋಷನ್ ಅಂತೆ, ಕೇಳಿಸ್ಲಿಲ್ವಾ?” ಎಂದ. ಇಂಥ ಜನಕ್ಕೆ ಯಾವ ದೇವರು ಏನು ಮಾಡಿಯಾನು!

ಮೂರನೆಯವಳು ಬಂದಾಗ ಶೆಟ್ಟರು ಆಕಳಿಸುತ್ತಿದ್ದರು. ಸಣ್ಣಗಿನ ಹೆಂಗಸು, ಹೆಸರು ವಸುಧಾ, ಹೆಗಲಿಗೆ ಬಟ್ಟೆಯ ಚೀಲ. ನಮಸ್ಕಾರ ಎಂದಳು. ಯಾರೂ ಕೈ ಎತ್ತಲಿಲ್ಲ. ಎಲ್ಲರ ಕಣ್ಣೂ ಅವಳ ಕಾಲಿನ ಮೇಲಿತ್ತು. ಕಾಲಲ್ಲಿ ಚಪ್ಪಲಿ ಇತ್ತು, ಸೀರೆಯ ಅಂಚು ಒದ್ದೆಯಾಗಿರಲಿಲ್ಲ.

“ಹೆಂಗೆ ಬಂದ್ರಮ್ಮಾ?” ಶೆಟ್ಟರು ಕೇಳಿದರು.

“ಬಸ್ಸಲ್ಲಿ ಬಂದೆ. ಆಮೇಲೆ ಸೇತುವೆ ಮೇಲೆ ನಡ್ಕೊಂಡು ಬಂದೆ.”

ಹಿಂದೆ ಯಾವುದೋ ಅಜ್ಜಿ, “ಅಯ್ಯೋ, ಇನ್ನೂ ಚಿಕ್ಕ ವಯಸ್ಸು, ಮನೇಲಿ ಯಾರಿದ್ದಾರೋ ಏನೋ” ಎಂದು ಬಿಕ್ಕಿದಳು. ಶೆಟ್ಟರು ನಿಧಾನವಾಗಿ ಎದ್ದು ಪೇಟ ತೆಗೆದರು. ಶಿವಲಿಂಗು ನನ್ನ ಕಿವಿಯಲ್ಲಿ, “ಬಿದ್ದು ಹೋದೋರನ್ನ ಇಂಟರ್‌ವ್ಯೂ ಮಾಡೋದು ಹೆಂಗಣ್ಣ?” ಎಂದ.

ಆ ಹುಡುಗಿ ಪಾಪ, ಏನೂ ಗೊತ್ತಾಗದೆ ಕಥೆ ಶುರುಮಾಡಿದಳು. “ಎಂಟನೇ ಭಾಗದಲ್ಲಿ ಭೈರ ಊರಿಗೆ ವಾಪಸ್ ಬರ್ತಾನೆ. ಏಳು ಭಾಗದಲ್ಲಿ ಮುರಿದದ್ದನ್ನೆಲ್ಲ ಒಂದೊಂದಾಗಿ ಕಟ್ತಾನೆ. ಸೇತುವೆ, ಶಾಲೆ. ಅವನ ತಾಯಿ ಸತ್ತಿರಲ್ಲ. ಗಾಯ ಆಗಿ ಬೇರೆ ಊರಲ್ಲಿ ಇರ್ತಾಳೆ, ಅವಳನ್ನ ಹುಡುಕಿ ಕರ್ಕೊಂಡು ಬರ್ತಾನೆ. ಆ ಪಾತ್ರಕ್ಕೆ ಹಳೇ ಅಮ್ಮನೇ ಬೇಕು, ಅವರ ಕಣ್ಣು ತುಂಬಾ ಚೆನ್ನಾಗಿದೆ.”

ನನ್ನ ಮೈಯೆಲ್ಲ ಜುಮ್ಮೆಂದಿತು. ಇವಳೇ! ಇವಳನ್ನು ಬಿಟ್ಟರೆ ಇನ್ಯಾರು? ಆದರೆ ಶೆಟ್ಟರು ಅವಳ ತಲೆಯ ಮೇಲಿನಿಂದ ಬಾಗಿಲ ಕಡೆ ನೋಡುತ್ತಾ, “ಮೂರನೆಯವರು ಬರಲೇ ಇಲ್ಲವಲ್ಲ” ಎಂದರು. ಬಾಲ್ಕನಿಯಿಂದ ಯಾರೋ, “ಒಳ್ಳೇ ಕಥೆ. ಬದುಕಿದ್ದಿದ್ರೆ ಆಯಮ್ಮನಿಗೇ ಕೊಡಬಹುದಿತ್ತು” ಎಂದು ನಿಟ್ಟುಸಿರುಬಿಟ್ಟರು.

ನಾನು ಎದ್ದುನಿಂತೆ. “ಶೆಟ್ರೇ, ಆಯಮ್ಮ ಬಂದವಳೆ. ಸೇತುವೆ...”

“ಸೇತುವೆ ಏನೋ?” ಶೆಟ್ಟರ ಹುಬ್ಬು ಮೇಲೇರಿತು. “ಸೇತುವೆ ಇದೆ ಅಂತೀಯಾ? ಮುರಿದು ಬೀಳೋದನ್ನ ಬೀದಿ ಬೀದಿಲಿ ಕೂಗ್ದೋನು ನೀನೇ ಅಲ್ವೇನೋ?”

ಇಡೀ ಊರು ನನ್ನ ಬಾಯನ್ನೇ ನೋಡುತ್ತಿತ್ತು. ಮೂವತ್ತು ವರ್ಷ ಕೂಗಿದ ಬಾಯಿ ಅದು. “ಮುರಿದಿದೆ ಶೆಟ್ರೇ” ಎಂದು ಕೂತೆ.

ವಸುಧಾ ನನ್ನನ್ನೇ ಒಂದು ಗಳಿಗೆ ನೋಡಿ ಚೀಲ ಹೆಗಲಿಗೇರಿಸಿಕೊಂಡಳು. ಇಬ್ಬರು ಸ್ವಯಂಸೇವಕರು ಮುಖ ತಿರುಗಿಸಿಕೊಂಡೇ ಅವಳಿಗೆ ಟಾಕೀಸಿನ ಹಿಂದಿನ ಬೀದಿಯ ದಾರಿ ತೋರಿಸಿದರು.

ದಿವಾಕರನನ್ನು ನಾನು ಕ್ಯಾಂಟೀನಿನ ಹತ್ತಿರ ಹಿಡಿದೆ. ನನ್ನ ಒಪ್ಪಿಗೆ ಬೇಕಾದರೆ ತಾಯಿ ಬದುಕಿ ಬರಬೇಕು ಎಂದೆ.

“ಅಯ್ಯೋ ಸಾರ್, ತಾಯಿ ಸೆಂಟಿಮೆಂಟ್ ಇಲ್ದೆ ಸಿನಿಮಾ ಓಡುತ್ತಾ? ಡನ್!” ಎಂದು ನನ್ನ ಕೈ ಕುಲುಕಿದ. “ಅವರು ಶೂಟಿಂಗ್‌ಗೆ ಬರೋದೂ ಬೇಡ. ಹಳೇ ಭಾಗದಿಂದ ಮುಖ ತಗೊಂಡು ಕಂಪ್ಯೂಟರಲ್ಲಿ ಕೂರಿಸ್ತೀವಿ.”

ಮರುದಿನ ಮ್ಯಾಟಿನಿ ಹೊತ್ತಿಗೆ ಗೋಡೆಗೆ ಬಾಯಿಟ್ಟು ಈ ಸಂತೋಷವನ್ನು ಹೇಳಿದರೆ ದೇವೀರಮ್ಮನಿಗೆ ಸಂತೋಷವೇ ಆಗಲಿಲ್ಲ.

“ಆ ಹುಡುಗಿ ನಮ್ಮನೇಲೇ ಮಲಗಿದ್ಲು ಕಣ್ರೀ. ಎಂಥಾ ಕಥೆ ಹೇಳಿದ್ಲು! ನಮ್ ಬೀದಿಯೋರೆಲ್ಲ ಕೂತು ಕೇಳಿದ್ರು. ರೌಡಿಗಳೂ ಅತ್ತರು. ಬೆಳಿಗ್ಗೆ ಎದ್ದು ಸೇತುವೆ ಮೇಲೇ ನಡ್ಕೊಂಡು ಹೊರಟೋದ್ಲು. ‘ಅಮ್ಮ, ನೀವೂ ಬನ್ನಿ’ ಅಂದ್ಲು.”

“ನೀನೇನಂದೆ?”

“ನಮ್ ಯಜಮಾನ್ರು ಕರೀಲಿ, ಬರ್ತೀನಿ ಅಂದೆ.” ಗೋಡೆಯ ಮೇಲೆ ಒಂದು ಚಕ್ಕುಲಿ ಇಟ್ಟು, “ಮುಖ ಮಾತ್ರ ತಗೋತೀವಿ ಅನ್ನೋರನ್ನ ನಂಬಬೇಡಿ. ಮುಖ ತಗೊಂಡೋರು ಮನುಷ್ಯರನ್ನ ಬಿಡ್ತಾರೇನ್ರೀ?” ಎಂದಳು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿವಾಕರನಿಗೇ ಒಪ್ಪಿಗೆ ಕೊಟ್ಟೆ. ಮನೆಗೆ ಸುಣ್ಣ ಹೊಡೆಸಿದೆ. ಗೋಡೆಯ ಮೇಲಿದ್ದ ಅವಳ ಫೋಟೋದಿಂದ ಗಂಧದ ಹಾರ ತೆಗೆಯಲು ಸ್ಟೂಲು ತಂದು ಪಕ್ಕದಲ್ಲೇ ಇಟ್ಟೆ. ಎಂಟನೇ ಭಾಗವನ್ನು ನಾನು ಕೂಗಿದ ಹಾಗೆ ಯಾವ ಭಾಗವನ್ನೂ ಕೂಗಿರಲಿಲ್ಲ. ಪಕ್ಕದೂರಿನ ನಾಯಿಗಳೂ ನನ್ನ ಜೊತೆ ಕೂಗಿದವು.

ಬಿಡುಗಡೆಯ ದಿನ ಮಾರ್ಕೆಟ್ಟು ಹಾರಿತು, ಆಸ್ಪತ್ರೆ ಹಾರಿತು. ಒಳರೋಗಿಗಳನ್ನು ಆಗಲೇ ಹಾಸಿಗೆ ಸಮೇತ ಬೀದಿಗೆ ತಂದು ಕೂರಿಸಿದ್ದರು. ನಾನು ಅದ್ಯಾವುದನ್ನೂ ನೋಡಲಿಲ್ಲ. ಅವಳ ಸೀನಿಗೆ ಕಾಯುತ್ತಿದ್ದೆ. ಕಡೆಗೂ ಹೊಗೆಯೊಳಗಿಂದ ಒಂದು ದನಿ ಬಂತು, ‘ಮಗನೇ ಭೈರಾ!’ ಭೈರ ತಿರುಗಿದ. ಹೊಗೆ ಸರಿಯಿತು.

ಅಲ್ಲಿ ನಿಂತವಳಿಗೆ ಹೆಚ್ಚೆಂದರೆ ಇಪ್ಪತ್ತಾರು ವಯಸ್ಸು. ತುಟಿಗೆ ಕೆಂಪು, ತಲೆಗೆ ಒಂದೇ ಒಂದು ಬಿಳಿ ಗೆರೆ. ‘ಗುಂಡೇಟು ಬಿದ್ದ ಮೇಲೆ ವೈದ್ಯರು ನನ್ನ ಮುಖ ಬದಲಿಸಿದರಪ್ಪಾ’ ಎಂದಳು. ‘ಮುಖ ಬದಲಾದರೇನಮ್ಮ, ಮಡಿಲು ಅದೇ ಅಲ್ಲವೇ’ ಎಂದು ಅರವತ್ತರ ಶೂರರಾಜ್ ಅವಳ ತೊಡೆಯ ಮೇಲೆ ತಲೆಯಿಟ್ಟರು. ಟಾಕೀಸು ಗೋಳೋ ಎಂದು ಅತ್ತಿತು. ದಿವಾಕರ ನನ್ನ ಪಕ್ಕ ಬಂದು ಪಿಸುಗುಟ್ಟಿದ: “ಶೂರರಾಜಣ್ಣಂಗೆ ವಯಸ್ಸಾದ ತಾಯಿ ಬೇಡವಂತೆ ಸಾರ್. ತಾಯಿಗೆ ವಯಸ್ಸಾದ್ರೆ ತಮಗೂ ವಯಸ್ಸಾದಂಗೆ ಕಾಣುತ್ತಂತೆ. ಆದ್ರೂ ಬದುಕಿಸಿದೀನಲ್ಲ, ಖುಷಿ ತಾನೇ?”

ನಾನು ಅವನ ಕತ್ತಿನ ಪಟ್ಟಿ ಹಿಡಿಯುವಷ್ಟರಲ್ಲಿ ಜನ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ತಮಟೆ, ಹೂವಿನ ಹಾರ, ಜೈಕಾರ, ಕೈಗೆ ನನ್ನದೇ ಮೈಕು, ಪಕ್ಕದಲ್ಲಿ ನನ್ನ ಆಟೋ. ಸಿನಿಮಾದ ಪ್ರಚಾರಕ್ಕೆ ಬಂದಿದ್ದ ಆ ನಟಿ ಮಿಂಚುಶ್ರೀಯನ್ನು ತೆರೆದ ಜೀಪಿನಲ್ಲಿ ಕೂರಿಸಿ ನನ್ನ ಹಿಂದೆಯೇ ಮೆರವಣಿಗೆ ತಂದರು. ನಮ್ಮ ಮನೆಯ ಬಾಗಿಲಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಹೊಸಲಿನ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು.

“ಸಿದ್ದಪ್ಪಾಜಣ್ಣ, ಅತ್ತಿಗೆ ಬಂದ್ರು!” ಎಂದು ಶಿವಲಿಂಗು ಅಳುತ್ತಿದ್ದ. ನಿಜವಾಗಿಯೂ ಅಳುತ್ತಿದ್ದ, ಮೀಸೆ ಎಲ್ಲ ಒದ್ದೆ. “ಒಳಕ್ಕೆ ಕರ್ಕೊಳ್ಳಣ್ಣ! ಎಷ್ಟ್ ವರ್ಷ ಒಬ್ನೇ ಇದ್ದೆ!”

ಮಿಂಚುಶ್ರೀ ಗಾಬರಿಯಿಂದ ಅಕ್ಕಿಯ ಸೇರನ್ನೂ ನನ್ನ ಮುಖವನ್ನೂ ನೋಡಿ, “ಅಂಕಲ್, ನಂಗೆ ಸಂಜೆ ಫ್ಲೈಟ್ ಇದೆ” ಎಂದಳು. ಪಾಪ, ಅವಳದ್ದೇನು ತಪ್ಪು.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ದೇವೀರಮ್ಮ ಕಾಣಿಸಿದಳು. ಕೈಯಲ್ಲಿ ತಗಡಿನ ಟ್ರಂಕು. ಹಿಂದಿನ ಬೀದಿಯವರು ಅವಳನ್ನು ಹೊರಗೆ ಕಳಿಸಿದ್ದರು. ಭೈರನ ತಾಯಿ ಸತ್ತೇ ಇಲ್ಲವಂತೆ, ಹಾಗಿದ್ದ ಮೇಲೆ ನೀನು ಸತ್ತವರ ನಡುವೆ ಇರುವುದು ಹೇಗೆ ಎಂದು ಆ ಪ್ರಾಮಾಣಿಕ ಪೊಲೀಸೇ ಬಂದು ಕೇಳಿದನಂತೆ. ಸತ್ತವರ ಬೀದಿಯಲ್ಲಿ ಜಾಗ ಇಲ್ಲ, ಬದುಕಿದವರ ಮನೆಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದು ನಿಂತಿದ್ದಾಳೆ. ಮೆರವಣಿಗೆಯ ಜನ ಅವಳ ಅಕ್ಕಪಕ್ಕದಲ್ಲೇ ಸರಿದಾಡುತ್ತಿದ್ದರು. ಒಬ್ಬರೂ ಅವಳ ಮುಖ ನೋಡಲಿಲ್ಲ. ಅವಳು ನನ್ನನ್ನು ನೋಡಿದಳು, ಆರತಿ ತಟ್ಟೆಯನ್ನು ನೋಡಿದಳು, ಟ್ರಂಕನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಜನರ ಹೆಗಲಿನಿಂದ ಧುಮುಕಿದೆ. ಕೊರಳಿನ ಹಾರ ಕಿತ್ತು ಶಿವಲಿಂಗುವಿನ ಕೊರಳಿಗೆ ಹಾಕಿದೆ, ಮೈಕನ್ನು ಅವನ ಕೈಗೇ ತುರುಕಿದೆ. ಜನರನ್ನು ನೂಕಿಕೊಂಡು ಹೋಗಿ ಟ್ರಂಕು ಎತ್ತಿಕೊಂಡೆ.

“ಬಾ ದೇವೀ.”

“ಎಲ್ಲಿಗ್ರೀ?”

“ಸೇತುವೆ ಮೇಲೆ.”

ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಹಗಲು ಹೊತ್ತಿನಲ್ಲಿ, ನಡುಬೀದಿಯಲ್ಲಿ ನಾವಿಬ್ಬರೂ ಜೊತೆಯಲ್ಲಿ ನಡೆದು ಅದೆಷ್ಟು ಕಾಲವಾಗಿತ್ತೋ! ಹಿಂದೆ ಜನ ಓಡೋಡಿ ಬರುತ್ತಿದ್ದರು. ‘ಬೇಡ ಸಿದ್ದಪ್ಪಾಜಣ್ಣ, ಹೆಂಡ್ತಿ ಬಂದ ದಿನಾನೇ ಹಿಂಗ್ಯಾಕೆ ಮಾಡ್ಕೋತೀಯಾ’ ಎಂದು ಹರಿಗೋಲಿನವನು ಕೈ ಚಾಚಿದ. ನಾನು ತಿರುಗಿ, ಮೈಕಿಲ್ಲದ ಬರೀ ಗಂಟಲಲ್ಲಿ, “ಸೇತುವೆ ಇದೆ ಕಣ್ರೋ! ನೆಟ್ಟಗೆ ನಿಂತದೆ! ಕಣ್ಣಿದ್ರೆ ನೋಡ್ರೋ!” ಎಂದು ಕೂಗಿದೆ. ಕೂಗಿ, ಕಾಲಿಟ್ಟೆ.

ಮಧ್ಯಕ್ಕೆ ಬಂದಾಗ ದೇವೀರಮ್ಮ ಒಮ್ಮೆ ನಿಂತು ಕಾಲಿನಿಂದ ಕುಟ್ಟಿ ನೋಡಿ, “ಗಟ್ಟಿಯಾಗೇ ಇದೆಯಲ್ರೀ” ಎಂದಳು. ಕೆಳಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

ಆಚೆ ದಡ ಮುಟ್ಟಿ ತಿರುಗಿ ನೋಡಿದೆವು. ಇಡೀ ಊರು ದಂಡೆಯ ಮೇಲೆ ನೆರೆದಿತ್ತು. ನಾನು ಎರಡೂ ಕೈ ಎತ್ತಿ ಬೀಸಿದೆ. ಒಬ್ಬನೂ ತಲೆ ಎತ್ತಲಿಲ್ಲ. ಎಲ್ಲರೂ ನೀರನ್ನೇ ನೋಡುತ್ತಿದ್ದರು. ಹರಿಗೋಲಿನವನು ನಡುನೀರಿಗೆ ಹೋಗಿ ಉದ್ದನೆಯ ಕೋಲಿನಿಂದ ತಳ ಕೆದಕುತ್ತಿದ್ದ. ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಆಮೇಲೆ ನನ್ನ ಮೈಕು ಕೊರ್ ಎಂದು ಕೆಮ್ಮಿ, ಶಿವಲಿಂಗುವಿನ ಒಡೆದ ದನಿ ಹೊಳೆ ದಾಟಿ ಬಂತು.

“ಮಹಾಜನಗಳೇ, ನಮ್ಮೂರಿನ ಹೆಮ್ಮೆಯ ಮೈಕ್ ಸಿದ್ದಪ್ಪಾಜಿಯವರು ಈಗ ತಾನೆ ಮುರಿದ ಸೇತುವೆಯಿಂದ ಬಿದ್ದು ದೈವಾಧೀನರಾಗಿದ್ದಾರೆ. ನಾಡಿದ್ದು ಹಾಲುತುಪ್ಪ, ಹನ್ನೊಂದನೇ ದಿನ ತಿಥಿ. ಬನ್ನಿ, ಊಟ ಮಾಡಿ, ಮರೆತು ನಿರಾಶರಾಗಬೇಡಿ!”

ದೇವೀರಮ್ಮ ಟ್ರಂಕಿನ ಮೇಲೆ ಕೂತು ಗಮನವಿಟ್ಟು ಕೇಳಿದಳು. ಕೇಳಿ, ಸೆರಗು ಕೊಡವಿ ಎದ್ದಳು.

“ನಿಮ್ಮ ತಿಥಿಗೆ ವಡೆ ಯಾರು ಕರೀತಾರೋ ಪಾಪ” ಎಂದಳು. “ಅವರಲ್ಲಿ ಒಬ್ಬರಿಗೂ ಹದ ಗೊತ್ತಿಲ್ಲ.”